ಹಳೆಯ ಕಾರಿನ ಮಿಸ್ಸಿಂಗ್ ಪತ್ತೆಹಚ್ಚುವ ಕ್ರಮ: ಕಾರವಾರದ ಉಪ್ಪುಗಾಳಿಯಿಂದ ದೇವಿಮನೆ ಘಟ್ಟದವರೆಗೆ

ನನ್ನ 1996ರ ಮಾರುತಿ 800 ಒಂದು ಜೂನ್ ತಿಂಗಳಿಡೀ ನನ್ನನ್ನು ಆಟವಾಡಿಸಿತು. ಬೆಳಿಗ್ಗೆ ಕಾರವಾರದ ಮನೆಯಂಗಳದಲ್ಲಿ ಸ್ಟಾರ್ಟ್ ಮಾಡಿದರೆ ಮೈಯೆಲ್ಲ ನಡುಗಿಸಿಕೊಂಡು ನಿಲ್ಲುತ್ತಿತ್ತು. ಕಾಲು ಗಂಟೆ ಓಡಿದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಸುಮ್ಮನಾಗುತ್ತಿತ್ತು. ಕುಮಟೆ ದಾಟಿ ದೇವಿಮನೆ ಘಟ್ಟದ ಏರು ಸಿಕ್ಕ ಕೂಡಲೇ ಮತ್ತೆ ಜರ್ಕ್ ಹೊಡೆಯುತ್ತಿತ್ತು. ಗ್ಯಾರೇಜಿಗೆ ಒಯ್ದದ್ದು ಮಳೆ ಬಿಟ್ಟು ಬಿಸಿಲು ಬಿದ್ದಿದ್ದ ಒಂದು ಮಧ್ಯಾಹ್ನ. ಅಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೋರೇಟರ್ ಬಿಚ್ಚಿ ತೊಳೆದರು, ಪೆಟ್ರೋಲ್ ಫಿಲ್ಟರ್ ಬದಲಾಯಿಸಿದರು, ಸಿಲಿಂಡರಿನೊಳಗೆ ಕಿಡಿ ಕೊಡುವ ಮೂರೂ ಪ್ಲಗ್ ಹೊಸದು ಹಾಕಿದರು. ಮರುದಿನ ಬೆಳಿಗ್ಗೆ ಅದೇ ನಡುಕ. ಕೊನೆಗೆ ಸಿಕ್ಕ ದೋಷವೆಂದರೆ ಎರಡನೆಯ ಸಿಲಿಂಡರಿನ ಪ್ಲಗ್ ಮೇಲೆ ಕೂರುವ ರಬ್ಬರ್ ಟೊಪ್ಪಿಯಲ್ಲಿದ್ದ ಉಗುರುದ್ದದ ಒಂದು ಬಿರುಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಆ ಚಿಕಿತ್ಸೆಯಲ್ಲಿ ನನ್ನ ಪಾಲೂ ಇತ್ತು. ತೊಂದರೆ ಯಾವ ಹೊತ್ತಿನಲ್ಲಿ ಬರುತ್ತದೆಂದು ನಾನು ಹೇಳಿರಲಿಲ್ಲ, ಅವರು ಕೇಳಿರಲಿಲ್ಲ.

ಆದ್ದರಿಂದ ಈ ಬರಹ ಎರಡು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ: ಮಿಸ್ಸಿಂಗ್ (ಸಿಲಿಂಡರಿನಲ್ಲಿ ಉರಿತ ತಪ್ಪುವುದು) ಯಾವಾಗ ಬರುತ್ತದೆ, ಮತ್ತು ಯಾವ ಸಿಲಿಂಡರಿನಲ್ಲಿ ಬರುತ್ತದೆ. ಈ ಎರಡಕ್ಕೂ ಉತ್ತರ ಸಿಗುವ ತನಕ ಒಂದು ರೂಪಾಯಿಯ ಬಿಡಿಭಾಗವನ್ನೂ ಕೊಳ್ಳಬೇಕಾಗಿಲ್ಲ. ಇಲ್ಲಿ ಹೇಳಿರುವುದು ಮುಖ್ಯವಾಗಿ ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಒಂದೊಂದು ಸಿಲಿಂಡರಿಗೆ ಹಂಚುವ ಭಾಗ) ಇರುವ ಹಳೆಯ ಪೆಟ್ರೋಲ್ ಗಾಡಿಗಳಿಗೆ, ಅಂದರೆ ಮಾರುತಿ 800, ಓಮ್ನಿ, ಹಳೆಯ ಝೆನ್, ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್ ಅಂಬಾಸಿಡರ್ ಇಂಥವುಗಳಿಗೆ ಅನ್ವಯಿಸುತ್ತದೆ. ಎಂಪಿಎಫ್‌ಐ (ಕಾರ್ಬೋರೇಟರ್ ಬದಲು ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ) ಗಾಡಿಗಳಿಗೆ ಬೇರೆ ಮಾಡಬೇಕಾದದ್ದನ್ನು ಅಲ್ಲಲ್ಲಿ ಸೂಚಿಸಿದ್ದೇನೆ.

ಮಿಸ್ಸಿಂಗ್ ಎಂದರೇನು

ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿ ಸಿಲಿಂಡರ್ ಒಮ್ಮೆ ಉರಿಯುತ್ತದೆ. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಿನಲ್ಲಿ (ಆಕ್ಸಿಲರೇಟರ್ ಒತ್ತದೆ ಓಡುವಾಗ) ಒಂದೊಂದು ಸಿಲಿಂಡರಿನಲ್ಲಿ 400 ಉರಿತ ನಡೆಯಬೇಕು. ಮೂರು ಸಿಲಿಂಡರಿನ ಮಾರುತಿಯಲ್ಲಿ ಒಟ್ಟು 1200, ಅಂದರೆ ಸೆಕೆಂಡಿಗೆ 20. ಇವುಗಳಲ್ಲಿ ಕೆಲವು ತಪ್ಪಿಹೋದರೆ ಅದೇ ಮಿಸ್ಸಿಂಗ್. ನಾಲ್ಕರಲ್ಲಿ ಒಂದು ಸತ್ತರೆ ಗಾಡಿ ಹೇಗೋ ಓಡುತ್ತದೆ, ಆದರೆ ಮೂರರಲ್ಲಿ ಒಂದು ಸತ್ತರೆ ಗೇರ್ ಲಿವರ್ ಕೈಯಲ್ಲಿ ಕುಣಿಯುತ್ತದೆ. ಉರಿಯಲು ಬೇಕಾದದ್ದು ಸರಿಯಾದ ಹೊತ್ತಿಗೆ ಬೀಳುವ ಕಿಡಿ, ಹದವಾದ ಪೆಟ್ರೋಲ್-ಗಾಳಿಯ ಮಿಶ್ರಣ ಮತ್ತು ಆ ಮಿಶ್ರಣವನ್ನು ಸೋರದಂತೆ ಒತ್ತಿ ಹಿಡಿಯುವ ಕಂಪ್ರೆಷನ್. ದೋಷ ಈ ಮೂರರಲ್ಲಿ ಒಂದರಲ್ಲಿರಲೇಬೇಕು. ನಮ್ಮ ಕರಾವಳಿಯಲ್ಲಿ ಕಿಡಿಯಿಂದಲೇ ಶುರುಮಾಡುವುದು ಜಾಣತನ. ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಮೊದಲು ಹಾಳುಮಾಡುವುದು ವಿದ್ಯುತ್ತಿನ ದಾರಿಯನ್ನು.

ಹುಡುಕಲು ಹೊರಡುವ ಮೊದಲು ನಡುಕ ಎಂಜಿನ್ನಿನದೇ ಎಂದು ಖಚಿತಪಡಿಸಿಕೊಳ್ಳಬೇಕು. ನಿಂತಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಇಲ್ಲದ ನಡುಕ 60 ಕಿಲೋಮೀಟರ್ ವೇಗದಲ್ಲಿ ಮಾತ್ರ ಬಂದರೆ ಅದು ಚಕ್ರದ ಬ್ಯಾಲೆನ್ಸಿಂಗ್ ಇರಬಹುದು. ಗಾಡಿ ಹೊರಡುವಾಗ ಮಾತ್ರ ಬಂದರೆ ಕ್ಲಚ್ ಅಥವಾ ಎಂಜಿನ್ ಮೌಂಟಿಂಗ್ ಇರಬಹುದು. ಇದಕ್ಕೆ ಸುಲಭ ಪರೀಕ್ಷೆಯೊಂದಿದೆ. ಐಡ್ಲಿಂಗಿನಲ್ಲಿ ಬಿಟ್ಟು ಸೈಲೆನ್ಸರ್ ಬಾಯಿಯ ಹತ್ತಿರ ಬೆರಳಗಲದ ಕಾಗದದ ಪಟ್ಟಿ ಹಿಡಿಯಿರಿ. ಆರೋಗ್ಯವಂತ ಎಂಜಿನ್ ಕಾಗದವನ್ನು ಒಂದೇ ಲಯದಲ್ಲಿ ಹೊರಗೆ ತಳ್ಳುತ್ತದೆ. ಮಧ್ಯೆ ಮಧ್ಯೆ ತಳ್ಳುವಿಕೆ ತಪ್ಪಿ ಕಾಗದ ಫಡಫಡಿಸಿದರೆ ಮಿಸ್ಸಿಂಗ್ ಇದೆ. ಕಾಗದ ಪ್ರತಿ ಸಲವೂ ಒಂದು ಕ್ಷಣ ಒಳಕ್ಕೆ ಎಳೆದುಕೊಂಡಂತಾದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರುವ ಸಂಶಯವನ್ನು ಆಗಲೇ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಸಾಮಾನು ಮತ್ತು ಎಚ್ಚರ

ಪ್ಲಗ್ ಪಾನಾ, ಸಣ್ಣ ಅಂತರ ಅಳೆಯುವ ಫೀಲರ್ ಗೇಜ್, ಒಂದು ಮಲ್ಟಿಮೀಟರ್, ನೀರು ಸಿಂಪಡಿಸುವ ಬಾಟಲಿ, ಬ್ಯಾಟರಿ ದೀಪ, ಹಳೆಯ ಹಲ್ಲುಜ್ಜುವ ಬ್ರಷ್, ಬಿಳಿ ಟೇಪು ಮತ್ತು ಪೆನ್ನು ಇದ್ದರೆ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಕಂಪ್ರೆಷನ್ ಗೇಜ್ ಮತ್ತು ವ್ಯಾಕ್ಯೂಮ್ ಗೇಜ್ ಪರಿಚಯದ ಮೆಕ್ಯಾನಿಕ್ ಒಬ್ಬರ ಬಳಿ ಎರವಲು ಸಿಕ್ಕರೆ ಸಾಕು.

ಇಗ್ನಿಷನ್ನಿನ ಹೈಟೆನ್ಷನ್ ದಾರಿಯಲ್ಲಿ, ಅಂದರೆ ಬ್ಯಾಟರಿಯ ವೋಲ್ಟನ್ನು ಏರಿಸುವ ಕಾಯಿಲಿನಿಂದ ಪ್ಲಗ್ಗಿನವರೆಗೆ, ಹತ್ತಾರು ಸಾವಿರ ವೋಲ್ಟ್ ಇರುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಎಂಜಿನ್ ಓಡುತ್ತಿರುವಾಗ ಇದರ ಹತ್ತಿರ ಬರಲೇಬಾರದು. ಲುಂಗಿ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಫ್ಯಾನ್ ಬೆಲ್ಟಿನ ಮೇಲೆ ಬಗ್ಗುವ ನಮ್ಮ ರೂಢಿಯನ್ನು ಅಷ್ಟು ಹೊತ್ತು ಬಿಡಬೇಕು. ಮಳೆಯೆಂದು ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬಾರದು, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಪೈಪನ್ನು ಬಿಚ್ಚುವ ಆತುರವೂ ಬೇಡ.

ಮೊದಲ ಹೆಜ್ಜೆ: ಯಾವಾಗ ಬರುತ್ತದೆ

ಒಂದು ವಾರ ಗಾಡಿಯಲ್ಲೇ ಸಣ್ಣ ಪುಸ್ತಕ ಇಟ್ಟು, ಪ್ರತಿ ಸಲ ಮಿಸ್ಸಿಂಗ್ ಬಂದಾಗ ಹೊತ್ತು, ಮಳೆಯೋ ಬಿಸಿಲೋ, ಎಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಏರಿನಲ್ಲೋ ಸಪಾಟಿನಲ್ಲೋ, ಪೆಟ್ರೋಲ್ ತುಂಬಿಸಿ ಎಷ್ಟು ದಿನವಾಗಿತ್ತು ಎಂಬುದನ್ನು ಬರೆಯಿರಿ. ಇದು ಬೇಸರದ ಕೆಲಸ ಎನ್ನಿಸಬಹುದು, ಆದರೆ ನನ್ನ ಅನುಭವದಲ್ಲಿ ಅರ್ಧ ರೋಗಪತ್ತೆ ಈ ಪುಸ್ತಕದಲ್ಲೇ ಆಗುತ್ತದೆ.

ಮುಂಜಾನೆ ತೇವದಲ್ಲಿ ಬಂದು, ಎಂಜಿನ್ ಕಾದು ಒಣಗಿದ ಮೇಲೆ ಹೋಗುವ ಮಿಸ್ಸಿಂಗ್ ಬಹುಪಾಲು ಹೈಟೆನ್ಷನ್ ವೈರು, ಪ್ಲಗ್ ಟೊಪ್ಪಿ ಅಥವಾ ಡಿಸ್ಟ್ರಿಬ್ಯೂಟರ್ ಕ್ಯಾಪಿನದು. ಐಡ್ಲಿಂಗಿನಲ್ಲಿ ಮಾತ್ರ ಬಂದು ವೇಗದಲ್ಲಿ ಮಾಯವಾಗುವುದು ಎಲ್ಲೋ ಹೊರಗಿನ ಗಾಳಿ ಒಳಗೆ ಸೇರುತ್ತಿರುವುದರ, ಇಲ್ಲವೇ ಕಾರ್ಬೋರೇಟರಿನ ಐಡಲ್ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ರಂಧ್ರ) ಕಟ್ಟಿರುವುದರ ಗುರುತು. ಅರ್ಧ ಗಂಟೆ ಓಡಿದ ಮೇಲೆ ಬಂದು, ನಿಲ್ಲಿಸಿ ಚಹಾ ಕುಡಿದು ಬಂದರೆ ಸರಿಹೋಗಿರುವುದು ಬಿಸಿಯಾದಾಗ ಕೈಕೊಡುವ ಇಗ್ನಿಷನ್ ಕಾಯಿಲಿನ ಹಳೆಯ ಚಾಳಿ.

ಘಟ್ಟದ ಏರಿನಲ್ಲಿ ಬರುವ ಮಿಸ್ಸಿಂಗನ್ನು ಎರಡಾಗಿ ಒಡೆದು ನೋಡಬೇಕು, ಏಕೆಂದರೆ ಇಲ್ಲಿಯೇ ಹೆಚ್ಚಿನವರು ದಾರಿ ತಪ್ಪುತ್ತಾರೆ. ಆಕ್ಸಿಲರೇಟರ್ ಒತ್ತಿದ ಅದೇ ಕ್ಷಣ ಜರ್ಕ್ ಹೊಡೆದು, ಕಾಲು ಸಡಿಲಿಸಿದ ಕ್ಷಣವೇ ನಿಂತರೆ ಅದು ಕಿಡಿಯ ದೋಷ. ಥ್ರಾಟಲ್ ತೆರೆದಂತೆ ಸಿಲಿಂಡರಿನೊಳಗೆ ಹೆಚ್ಚು ಮಿಶ್ರಣ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ತುದಿಗಳ ನಡುವೆ ಹಾರಲು ಕಿಡಿಗೆ ಹೆಚ್ಚು ವೋಲ್ಟ್ ಬೇಕಾಗುತ್ತದೆ. ಆಗ ವಿದ್ಯುತ್ತು ಆ ಕಷ್ಟದ ದಾರಿ ಬಿಟ್ಟು ಬಿರುಕು ಬಿಟ್ಟ ರಬ್ಬರಿನ ಸುಲಭದ ದಾರಿ ಹಿಡಿಯುತ್ತದೆ. ಸಪಾಟಾದ ಹೆದ್ದಾರಿ 66ರಲ್ಲಿ ಅಂಕೋಲೆಯವರೆಗೆ ಚೆನ್ನಾಗಿ ಓಡಿದ ಗಾಡಿ ಅರಬೈಲು ಘಟ್ಟದ ಮೊದಲ ತಿರುವಿನಲ್ಲೇ ಕುಂಟುವುದು ಈ ಕಾರಣಕ್ಕೆ. ಇದಕ್ಕೆ ಬದಲಾಗಿ, ಏರು ಹತ್ತಲು ಶುರುಮಾಡಿ ಒಂದೆರಡು ನಿಮಿಷ ಚೆನ್ನಾಗಿ ಎಳೆದು, ಆಮೇಲೆ ಎಲ್ಲ ಸಿಲಿಂಡರುಗಳೂ ಸೊರಗಿದಂತಾಗಿ, ಸ್ವಲ್ಪ ಹೊತ್ತು ನಿಧಾನಿಸಿದರೆ ಮತ್ತೆ ಶಕ್ತಿ ಬಂದರೆ ಅದು ಪೆಟ್ರೋಲಿನ ಕೊರತೆ: ಕಾರ್ಬೋರೇಟರಿನ ಬಟ್ಟಲು ತುಂಬುವುದಕ್ಕಿಂತ ಬೇಗ ಖಾಲಿಯಾಗುತ್ತಿದೆ. ಗ್ಯಾರೇಜಿಗೆ ಹೋದಾಗ ಈ ವ್ಯತ್ಯಾಸವೊಂದನ್ನು ಸ್ಪಷ್ಟವಾಗಿ ಹೇಳಿದರೂ ಒಂದು ದಿನದ ಕೂಲಿ ಉಳಿಯುತ್ತದೆ.

ಎರಡನೆಯ ಹೆಜ್ಜೆ: ಬಾನೆಟ್ ತೆರೆದು ನೋಡುವುದು

ಎಂಜಿನ್ ಆರಿಸಿ, ಏನನ್ನೂ ಬಿಚ್ಚದೆ, ದೀಪ ಹಿಡಿದು ಹತ್ತು ನಿಮಿಷ ಸುಮ್ಮನೆ ನೋಡಿ. ಬ್ಯಾಟರಿಯ ಟರ್ಮಿನಲ್ಲುಗಳ ಮೇಲೆ ಬಿಳಿ-ಹಸಿರು ಹೊಪ್ಪಳೆ ಕಟ್ಟಿದ್ದರೆ ಬಿಸಿನೀರು ಹಾಕಿ ಉಜ್ಜಿ ತೊಳೆಯಬೇಕು. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಕಡಲ ಬದಿಯ ಗಾಡಿಗಳಲ್ಲಿ ಅದರ ಬೋಲ್ಟಿನ ಕೆಳಗೆ ತುಕ್ಕು ಹಿಡಿದು, ಹೊರಗಿನಿಂದ ಗಟ್ಟಿಯಾಗಿ ಕಂಡರೂ ಸಂಪರ್ಕ ಸಡಿಲವಾಗಿರುತ್ತದೆ. ಬಿಚ್ಚಿ, ಉಪ್ಪುಕಾಗದ ಹಾಕಿ ಉಜ್ಜಿ, ಮತ್ತೆ ಬಿಗಿಯಿರಿ. ಘಟ್ಟದ ಮೇಲೆ ಅಡಿಕೆ ಅಟ್ಟದ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಗಾಡಿಗಳಲ್ಲಿ ಇಲಿ ಕಡಿದ ವೈರನ್ನೇ ಮೊದಲು ಹುಡುಕಬೇಕು. ಎಂಜಿನ್ ಮೇಲೆ ಸಿಪ್ಪೆಯ ಚೂರು, ಹಿಕ್ಕೆ ಕಂಡರೆ ವೈರಿನ ಮೇಲೆ ಹಲ್ಲಿನ ಗುರುತೂ ಇರುತ್ತದೆ, ಹೆಚ್ಚಾಗಿ ಕೈ ಹೋಗದ ಕೆಳಬದಿಯಲ್ಲಿ.

ಮೂರನೆಯ ಹೆಜ್ಜೆ: ಯಾವ ಸಿಲಿಂಡರ್

ಮೊದಲು ವೈರುಗಳಿಗೆ ಬಿಳಿ ಟೇಪು ಸುತ್ತಿ ಅಂಕೆ ಬರೆಯಿರಿ. ಟೈಮಿಂಗ್ ಬೆಲ್ಟ್ ಅಥವಾ ಚೈನಿನ ಕಡೆಯದು ಒಂದನೆಯ ಸಿಲಿಂಡರ್. ಮಾರುತಿ 800ರಲ್ಲಿ ಉರಿಯುವ ಕ್ರಮ 1-3-2. ಪದ್ಮಿನಿ, ಅಂಬಾಸಿಡರ್, ಝೆನ್ ಮುಂತಾದ ನಾಲ್ಕು ಸಿಲಿಂಡರಿನವುಗಳಲ್ಲಿ 1-3-4-2. ಟೇಪು ಅಂಟಿಸದೆ ವೈರು ಬಿಚ್ಚಿ, ಆಮೇಲೆ ಎರಡನ್ನು ಅದಲುಬದಲು ಹಾಕಿ, ಇಲ್ಲದ ಮಿಸ್ಸಿಂಗನ್ನು ತಾವೇ ತಂದುಕೊಂಡವರು ಬೇಕಾದಷ್ಟು ಜನರಿದ್ದಾರೆ.

ಎಂಜಿನ್ ಐಡ್ಲಿಂಗಿನಲ್ಲಿರಲಿ. ಹಳೆಯ ಮೆಕ್ಯಾನಿಕ್ಕುಗಳು ಓಡುತ್ತಿರುವಾಗಲೇ ಒಂದೊಂದು ಪ್ಲಗ್ ವೈರನ್ನು ಕಿತ್ತು ನೋಡುತ್ತಾರೆ. ಅದಕ್ಕಿಂತ ಸುರಕ್ಷಿತವಾದ ಕ್ರಮವೆಂದರೆ ಎಂಜಿನ್ ಆರಿಸಿ, ಒಂದು ಸಿಲಿಂಡರಿನ ವೈರನ್ನು ಬಿಚ್ಚಿ, ಅದರ ತುದಿಗೆ ಒಂದು ಹಳೆಯ ಪ್ಲಗ್ ಸಿಕ್ಕಿಸಿ ಎಂಜಿನ್ನಿನ ಲೋಹಕ್ಕೆ ತಂತಿಯಿಂದ ಬಿಗಿಯಾಗಿ ಕಟ್ಟಿ, ಮತ್ತೆ ಸ್ಟಾರ್ಟ್ ಮಾಡುವುದು. ಆಗ ಕಾಯಿಲಿನ ವೋಲ್ಟೇಜಿಗೆ ಎಂಜಿನ್ನಿನ ಲೋಹದ ಮೂಲಕ ಅರ್ಥಿಂಗ್ ಸೇರುವ ದಾರಿ ಇರುತ್ತದೆ. ಹಾಗಿಲ್ಲದೆ ವೈರನ್ನು ಗಾಳಿಯಲ್ಲಿ ತೂಗಬಿಟ್ಟರೆ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲ್ ಸುಟ್ಟುಹೋಗಬಹುದು. ವೈರು ಬಿಚ್ಚಿದಾಗ ಎಂಜಿನ್ನಿನ ಸದ್ದು ಇನ್ನಷ್ಟು ಕೆಟ್ಟರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು ಎಂದರ್ಥ. ಬಿಚ್ಚಿದರೂ ಬಿಚ್ಚದಿದ್ದರೂ ಏನೂ ವ್ಯತ್ಯಾಸ ಕಾಣದಿದ್ದರೆ ಕಳ್ಳ ಅದೇ. ಎಂಪಿಎಫ್‌ಐ ಗಾಡಿಯಲ್ಲಿ ಪ್ಲಗ್ ವೈರಿನ ಬದಲು ಒಂದೊಂದೇ ಇಂಜೆಕ್ಟರಿನ ಸಾಕೆಟ್ ಕಳಚಿ ಇದೇ ಪರೀಕ್ಷೆ ಮಾಡಿ, ಏಕೆಂದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋದರೆ ಅಲ್ಲಿ ಉರಿದು ಅದನ್ನು ಕರಗಿಸುತ್ತದೆ.

ಇನ್ನೊಂದು ದಾರಿ ಇನ್ನೂ ಸರಳ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ಒಂದೆರಡು ನಿಮಿಷದ ಬಳಿಕ, ಸಿಲಿಂಡರುಗಳಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ರತಿ ಕವಲಿಗೂ ಬುಡದಲ್ಲಿ ಒಂದೊಂದೇ ಹನಿ ನೀರು ಬಿಡಿ. ಕಾದ ದೋಸೆಕಲ್ಲಿನ ಮೇಲೆ ಬಿದ್ದಂತೆ ಚುಂಯ್ ಎಂದು ಆವಿಯಾದರೆ ಸರಿ. ಹನಿ ಜಾರಿ ಕೆಳಗಿಳಿದರೆ ಆ ಸಿಲಿಂಡರ್ ಉರಿದಿಲ್ಲ. ಕೆಲವು ಗಾಡಿಗಳಲ್ಲಿ ಇದಕ್ಕಾಗಿ ಮೊದಲು ತಗಡಿನ ಕವಚ ಬಿಚ್ಚಬೇಕಾಗುತ್ತದೆ.

ನಾಲ್ಕನೆಯ ಹೆಜ್ಜೆ: ಪ್ಲಗ್ ಓದುವುದು

ಎಂಜಿನ್ ತಣ್ಣಗಾದ ಮೇಲೆಯೇ ಪ್ಲಗ್ ಬಿಚ್ಚಬೇಕು. ಅಲ್ಯುಮಿನಿಯಂ ಹೆಡ್ ಬಿಸಿಯಿರುವಾಗ ಬಿಚ್ಚಿದರೆ ಥ್ರೆಡ್ ಹೋಗಬಹುದು, ಆ ರಿಪೇರಿಯ ಮುಂದೆ ಮಿಸ್ಸಿಂಗ್ ಏನೂ ಅಲ್ಲ. ಬಿಚ್ಚಿದವುಗಳನ್ನು ಅದೇ ಕ್ರಮದಲ್ಲಿ ಕಾಗದದ ಮೇಲೆ ಸಾಲಾಗಿ ಇಟ್ಟು ಹೋಲಿಸಿ. ಉಳಿದವೆಲ್ಲ ಒಂದೇ ಬಣ್ಣದಲ್ಲಿದ್ದು ಒಂದು ಮಾತ್ರ ಬೇರೆಯಾಗಿದ್ದರೆ ಆ ಸಿಲಿಂಡರಿನ ಕಥೆಯನ್ನು ಅದೇ ಹೇಳುತ್ತದೆ. ತುದಿಯ ಪಿಂಗಾಣಿ ಕಾಫಿ ಬೆರೆಸಿದ ಹಾಲಿನ ಬಣ್ಣಕ್ಕಿದ್ದರೆ ಆರೋಗ್ಯ. ಒಲೆಯ ಮಸಿಯಂತೆ ಒಣ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚಾಗಿದೆ ಅಥವಾ ಕಿಡಿ ದುರ್ಬಲವಾಗಿದೆ. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದರೆ ಕಿಡಿಯೇ ಬಿದ್ದಿಲ್ಲ. ಎಣ್ಣೆಯ ಜಿಡ್ಡಿದ್ದರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗಿನ ದಾರಿಯಲ್ಲಿ ಆಯಿಲ್ ಒಳಗೆ ಬರುತ್ತಿದೆ. ಸುಣ್ಣದಂತೆ ಬೆಳ್ಳಗಿದ್ದು ಗುಳ್ಳೆಗಳಿದ್ದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗಿದೆ. ಬೇರೆಲ್ಲ ಪ್ಲಗ್ಗುಗಳಲ್ಲಿ ಕಂದು ಇದ್ದು ಒಂದು ಮಾತ್ರ ಬಿಸಿನೀರಿನಲ್ಲಿ ತೊಳೆದಂತೆ ಸ್ವಚ್ಛವಾಗಿದ್ದರೆ ಕೂಲಂಟ್ ಸೋರಿಕೆಯ ಸಂಶಯವಿರಲಿ.

ಪಿಂಗಾಣಿಯ ಹೊರಮೈಯನ್ನೂ ನೋಡಲು ಮರೆಯಬೇಡಿ. ಮೇಲಿನಿಂದ ಕೆಳಗೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ ಇದ್ದರೆ ಕಿಡಿ ಒಳಗೆ ಹೋಗದೆ ಹೊರಮೈ ಮೇಲೆಯೇ ಓಡಿದೆ. ನನ್ನ ಗಾಡಿಯ ಹೊಸ ಪ್ಲಗ್ಗಿನ ಮೇಲೆ ಹತ್ತೇ ದಿನದಲ್ಲಿ ಅಂಥ ಗೆರೆ ಬಿದ್ದಿತ್ತು. ಅದಕ್ಕೆ ಎದುರಾಗಿ ಟೊಪ್ಪಿಯೊಳಗೆ ಬಿರುಕು.

ತುದಿಗಳ ಅಂತರ ಹಲವು ಹಳೆಯ ಗಾಡಿಗಳಲ್ಲಿ 0.7ರಿಂದ 0.8 ಮಿಲಿಮೀಟರ್ ಇರುತ್ತದೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇರುವುದೇ ಅಂತಿಮ. ಫೀಲರ್ ಗೇಜಿನಿಂದ ಅಳೆದು, ಹೊರಗಿನ ಕಡ್ಡಿಯನ್ನು ಮಾತ್ರ ಬಗ್ಗಿಸಿ ಸರಿಪಡಿಸಿ. ಅನಂತರ ಸಂಶಯದ ಸಿಲಿಂಡರಿನ ಪ್ಲಗ್ಗನ್ನು ಪಕ್ಕದ್ದಕ್ಕೆ, ಪಕ್ಕದ್ದನ್ನು ಇದಕ್ಕೆ ಹಾಕಿ ಮತ್ತೆ ಮೂರನೆಯ ಹೆಜ್ಜೆಯ ಪರೀಕ್ಷೆ ಮಾಡಿ. ಮಿಸ್ಸಿಂಗ್ ಪ್ಲಗ್ಗಿನ ಜೊತೆ ಹೋದರೆ ಪ್ಲಗ್ ಹಾಳು. ಹೋಗದಿದ್ದರೆ ವೈರುಗಳನ್ನೂ ಹೀಗೆಯೇ ಅದಲುಬದಲು ಮಾಡಿ, ಆದರೆ ಎರಡೂ ತುದಿಗಳನ್ನು ಬದಲಿಸಬೇಕು, ಇಲ್ಲದಿದ್ದರೆ ಉರಿಯುವ ಕ್ರಮವೇ ತಪ್ಪುತ್ತದೆ. ಖರ್ಚಿಲ್ಲದ ಈ ಪರೀಕ್ಷೆ ಯಾವ ಯಂತ್ರಕ್ಕೂ ಕಡಿಮೆಯದಲ್ಲ. ಪ್ಲಗ್ ಮರಳಿ ಹಾಕುವಾಗ ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ, ಪಾನಾ ಕೊನೆಗೆ ಮಾತ್ರ ಬರಲಿ.

ಐದನೆಯ ಹೆಜ್ಜೆ: ಕತ್ತಲಲ್ಲಿ ನೋಡುವುದು

ಕರಾವಳಿಯ ಗಾಡಿಗಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿದಿಲ್ಲ. ರಾತ್ರಿ ಊಟವಾದ ಮೇಲೆ ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಅಂಗಳದ ದೀಪ ಆರಿಸಿ, ಬಾನೆಟ್ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಐದು ನಿಮಿಷ ಕೊಡಿ. ಅನಂತರ ಬಾಟಲಿಯಿಂದ ನೀರನ್ನು ತೀರ ಸಣ್ಣ ಮಂಜಿನಂತೆ ವೈರುಗಳ ಮೇಲೆ, ಟೊಪ್ಪಿಗಳ ಬುಡಕ್ಕೆ, ಕೊನೆಗೆ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಒಂದೊಂದಾಗಿ ಸಿಂಪಡಿಸಿ. ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದರೆ ದೋಷ ಬೇಗ ಹೊರಬೀಳುತ್ತದೆ, ಆದರೆ ಆಮೇಲೆ ಸಿಹಿನೀರಿನ ಬಟ್ಟೆಯಿಂದ ಒರೆಸದಿದ್ದರೆ ನಾವೇ ರೋಗ ಅಂಟಿಸಿದಂತಾಗುತ್ತದೆ. ಕೈ ದೂರವಿರಲಿ, ನಿಂತ ನೆಲ ಒಣಗಿರಲಿ.

ನಾನು ಎರಡನೆಯ ಪ್ಲಗ್ಗಿನ ಬುಡಕ್ಕೆ ಸಿಂಪಡಿಸಿದ ಕೂಡಲೇ ಮೊದಲು ಕೇಳಿದ್ದು ಸದ್ದು. ಒಣ ಎಲೆ ಮುರಿದಂತೆ ಚಿಟ್, ಚಿಟ್, ಚಿಟ್. ಬಗ್ಗಿ ನೋಡಿದರೆ ಟೊಪ್ಪಿಯ ಕೆಳ ಅಂಚಿನಿಂದ ಹೆಡ್ಡಿನ ಲೋಹಕ್ಕೆ ಕೂದಲೆಳೆಯಷ್ಟು ತೆಳುವಾದ ನೀಲಿ ಗೆರೆಯೊಂದು ಹಾರುತ್ತಿತ್ತು, ಪ್ರತಿ ಹಾರಿಕೆಗೂ ಎಂಜಿನ್ ಒಮ್ಮೆ ಮುಗ್ಗರಿಸುತ್ತಿತ್ತು. ಹಗಲಿನಲ್ಲಿ ಹತ್ತು ಸಲ ಅದೇ ಜಾಗ ನೋಡಿದ್ದೆ, ಏನೂ ಕಂಡಿರಲಿಲ್ಲ.

ಹೀಗೆ ಕಿಡಿ ಸೋರುವ ವೈರನ್ನು ಟೇಪು ಸುತ್ತಿ ಉಳಿಸಿಕೊಳ್ಳುವ ಆಸೆ ಬೇಡ. ಇಡೀ ಸೆಟ್ ಬದಲಾಯಿಸಿ. ಹಾಕುವ ಮೊದಲು ಟೊಪ್ಪಿಯ ಒಳಗೆ ಸಿಲಿಕಾನ್ ಗ್ರೀಸನ್ನು ತೆಳುವಾಗಿ ಸವರಿದರೆ ತೇವ ಒಳಗೆ ಇಳಿಯುವುದಿಲ್ಲ. ಮನೆಯಲ್ಲಿದೆ ಎಂದು ತೆಂಗಿನೆಣ್ಣೆಯನ್ನೋ ಚಕ್ರಕ್ಕೆ ಹಾಕುವ ಗ್ರೀಸನ್ನೋ ಸವರಬಾರದು, ರಬ್ಬರ್ ಉಬ್ಬಿ ಹಾಳಾಗುತ್ತದೆ. ಕಿಡಿ ಕಾಣದಿದ್ದರೂ ಸಂಶಯ ಉಳಿದಿದ್ದರೆ ವೈರನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ಕಾರ್ಬನ್ ಎಳೆಯ ವೈರುಗಳಲ್ಲಿ ಮೀಟರ್ ಉದ್ದಕ್ಕೆ ಸುಮಾರು 10ರಿಂದ 20 ಕಿಲೋ ಓಂ ಬರುತ್ತದೆ. ಒಂದು ವೈರು ಮಾತ್ರ ಉಳಿದವುಗಳಿಗಿಂತ ಹಲವು ಪಟ್ಟು ತೋರಿಸಿದರೆ, ಅಥವಾ ಬಗ್ಗಿಸಿದಾಗ ಅಂಕೆ ಕುಣಿದರೆ ಒಳಗೆ ತುಂಡಾಗಿದೆ.

ಆರನೆಯ ಹೆಜ್ಜೆ: ಡಿಸ್ಟ್ರಿಬ್ಯೂಟರ್

ಕ್ಯಾಪ್ ತೆಗೆದು ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ಒಂದು ಟರ್ಮಿನಲ್ಲಿನಿಂದ ಇನ್ನೊಂದಕ್ಕೆ ಜೇಡರ ಎಳೆಯಂಥ ಕಪ್ಪು ಗೆರೆ ಕಂಡರೆ ಕ್ಯಾಪನ್ನು ಎಸೆಯುವುದೇ ಸರಿ. ಕೆರೆದರೆ ಒಂದು ವಾರ ನಡೆದೀತು, ಮುಂದಿನ ಮಳೆಗೆ ಮತ್ತೆ ಅದೇ. ಟರ್ಮಿನಲ್ಲುಗಳ ಮೇಲಿನ ಹಸಿರು-ಬಿಳಿ ಪುಡಿ ನಮ್ಮ ಕಡೆಯ ಉಪ್ಪಿನ ಕಾಣಿಕೆ. ನಡುವಿನ ಕಾರ್ಬನ್ ಗುಂಡಿ ಸ್ಪ್ರಿಂಗಿನ ಮೇಲೆ ಸಲೀಸಾಗಿ ಮೇಲೆ-ಕೆಳಗೆ ಆಡಬೇಕು. ಕ್ಯಾಪಿನೊಳಗೆ ತಿರುಗುವ ರೋಟರ್ ಬಿರುಕು ಬಿಟ್ಟಿದೆಯೇ, ತುದಿ ತೀರ ಸವೆದಿದೆಯೇ ಎಂದೂ ನೋಡಿ.

ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಜೋಡಿಸುವ ಸ್ವಿಚ್) ಇರುವ ಗಾಡಿಗಳಲ್ಲಿ ಪಾಯಿಂಟಿನ ಮುಖಗಳು ಬೂದುಬಣ್ಣವಾಗಿ ಸಮತಟ್ಟಾಗಿರಬೇಕು. ಒಂದು ಬದಿಯಲ್ಲಿ ಗುಬುಟು ಎದ್ದು ಇನ್ನೊಂದು ಬದಿಯಲ್ಲಿ ಕುಳಿ ಬಿದ್ದಿದ್ದರೆ ಕಂಡೆನ್ಸರ್ ಸೋತಿದೆ. ಅಂತರ ಸಾಮಾನ್ಯವಾಗಿ 0.4ರಿಂದ 0.5 ಮಿಲಿಮೀಟರ್. ಅಂತರ ಬದಲಾದರೆ ಟೈಮಿಂಗೂ, ಅಂದರೆ ಕಿಡಿ ಬೀಳುವ ಹೊತ್ತೂ, ಬದಲಾಗುತ್ತದೆ, ಆದ್ದರಿಂದ ಮೊದಲು ಪಾಯಿಂಟ್, ಆಮೇಲೆ ಟೈಮಿಂಗ್. ಇಲ್ಲಿ ಒಂದು ಮಾತು: ಎಲ್ಲ ಸಿಲಿಂಡರುಗಳಲ್ಲೂ ಅಡ್ಡಾದಿಡ್ಡಿ ಮಿಸ್ಸಿಂಗ್ ಇದ್ದರೆ ದೋಷ ಎಲ್ಲಕ್ಕೂ ಸೇರಿದ ಭಾಗದಲ್ಲಿ, ಅಂದರೆ ಕಾಯಿಲ್, ರೋಟರ್, ಪಾಯಿಂಟ್ ಅಥವಾ ಅರ್ಥಿಂಗಿನಲ್ಲಿ ಇರುತ್ತದೆ. ಒಂದರಲ್ಲೇ ಇದ್ದರೆ ಕ್ಯಾಪಿನ ಟರ್ಮಿನಲ್ಲಿನಿಂದ ಆಚೆಗೆ ಹುಡುಕಬೇಕು.

ಏಳನೆಯ ಹೆಜ್ಜೆ: ಗಾಳಿ ಮತ್ತು ಪೆಟ್ರೋಲ್

ಕಿಡಿ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಕಾರ್ಬೋರೇಟರಿನ ಕಡೆ ತಿರುಗಿ. ವ್ಯಾಕ್ಯೂಮ್ ಪೈಪುಗಳ ತುದಿಗಳು ಹಳೆಯ ಗಾಡಿಗಳಲ್ಲಿ ಒಣಗಿ ಸೀಳಿರುತ್ತವೆ. ಬ್ರೇಕ್ ಬೂಸ್ಟರ್ ಇರುವ ಗಾಡಿಗಳಲ್ಲಿ ಅದರ ಪೈಪನ್ನು ಇಕ್ಕಳದಿಂದ ಮೆಲ್ಲಗೆ ಒತ್ತಿ ಹಿಡಿದಾಗ ಐಡ್ಲಿಂಗ್ ಸುಧಾರಿಸಿದರೆ ಸೋರಿಕೆ ಆ ಕಡೆಗಿದೆ. ಕಾರ್ಬೋರೇಟರಿನ ಬುಡದ ಗ್ಯಾಸ್ಕೆಟ್ ಸುತ್ತ ಸ್ವಲ್ಪ ಸೋಪಿನ ನೀರು ಸವರಿದಾಗ ಎಂಜಿನ್ನಿನ ಸದ್ದು ಬದಲಾದರೂ ಗಾಳಿ ಅಲ್ಲಿಂದ ಸೇರುತ್ತಿದೆ ಎಂದೇ ಅರ್ಥ. ಪೆಟ್ರೋಲ್ ಸಿಂಪಡಿಸಿ ನೋಡುವ ಕೆಲವರ ಪದ್ಧತಿ ಬೆಂಕಿಗೆ ಆಹ್ವಾನ.

ಎಂಜಿನ್ ಗಾಳಿ ಎಳೆಯುವ ಬಲವನ್ನು ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿದರೆ ನಮ್ಮ ಜಿಲ್ಲೆಯಲ್ಲಿ ಅದನ್ನು ಓದುವಾಗ ಒಂದು ಎಚ್ಚರ ಬೇಕು. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಎಂಜಿನ್ ಐಡ್ಲಿಂಗಿನಲ್ಲಿ ಪಾದರಸದ ಅಳತೆಯಲ್ಲಿ ಸುಮಾರು 17ರಿಂದ 21 ಇಂಚು ತೋರಿಸುತ್ತದೆ, ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಇಳಿಯುತ್ತದೆ. ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಕಾರವಾರದಲ್ಲಿ 19 ತೋರಿಸಿದ ಗಾಡಿ ಶಿರಸಿಯಲ್ಲಿ 17 ತೋರಿಸಿದರೆ ಅದು ರೋಗವಲ್ಲ, ಘಟ್ಟ. ಅಂಕೆಗಿಂತ ಮುಳ್ಳಿನ ನಡೆಯನ್ನು ನೋಡಿ: ನಿಶ್ಚಲವಾಗಿದ್ದರೆ ಸರಿ, ಒಂದೇ ಲಯದಲ್ಲಿ ಪದೇ ಪದೇ ಕೆಳಗೆ ಕುಕ್ಕಿದರೆ ಒಂದು ವಾಲ್ವ್ ಸೋರುತ್ತಿರಬಹುದು.

ಪೆಟ್ರೋಲನ್ನು ಪರೀಕ್ಷಿಸಲು ಫಿಲ್ಟರಿನಿಂದ ಸ್ವಲ್ಪ ಹಿಡಿದು ಗಾಜಿನ ಬಾಟಲಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ಈಗ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ ಎಥೆನಾಲನ್ನೂ ಎಳೆದುಕೊಂಡು ತಳಕ್ಕೆ ಇಳಿಯುತ್ತದೆ. ಬಾಟಲಿಯ ತಳದಲ್ಲಿ ಗೆರೆ ಎಳೆದಂತೆ ಬೇರೆ ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಿ ತೊಳೆಯಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲುವ ಗಾಡಿಯ ಟ್ಯಾಂಕನ್ನು ತುಂಬಿಸಿಯೇ ಇಡುವುದು ಇದಕ್ಕೇ. ಹಳೆಯ ಗಾಡಿಗಳ ರಬ್ಬರ್ ಪೈಪು ಮತ್ತು ಪಂಪಿನ ಡಯಾಫ್ರಮ್ಮುಗಳು ಎಥೆನಾಲಿಗಾಗಿ ಮಾಡಿದವಲ್ಲ, ಅವು ಮೆತ್ತಗಾಗಿ ಚೂರು ಉದುರಿದರೆ ಜೆಟ್ ಕಟ್ಟುತ್ತದೆ. ಜೆಟ್ಟನ್ನು ಗಾಳಿ ಹೊಡೆದು ಸ್ವಚ್ಛ ಮಾಡಿ. ತಂತಿ ತೂರಿದರೆ ರಂಧ್ರ ದೊಡ್ಡದಾಗುತ್ತದೆ. ಇಂಜೆಕ್ಟರ್ ಇರುವ ಗಾಡಿಯಲ್ಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೂ ಹಿಡಿಯನ್ನು ಕಿವಿಗೂ ಇಟ್ಟು ಕೇಳಿ, ಟಕ್ ಟಕ್ ಸದ್ದು ಎಲ್ಲದರಲ್ಲೂ ಒಂದೇ ಸಮ ಇರಬೇಕು. 2010ರ ದಶಕದ ಗಾಡಿಗಳಲ್ಲಿ ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ಹಾಕಿದರೆ ಪಿ0301 ಎಂದು ಬಂದಾಗ ಒಂದನೆಯ ಸಿಲಿಂಡರ್, ಪಿ0300 ಎಂದು ಬಂದಾಗ ಹಲವು ಸಿಲಿಂಡರುಗಳು ಎಂದು ತಿಳಿಯುತ್ತದೆ. ಯಾವ ಭಾಗ ಹಾಳಾಗಿದೆ ಎಂಬುದನ್ನು ಆ ಕೋಡ್ ಹೇಳುವುದಿಲ್ಲ.

ಎಂಟನೆಯ ಹೆಜ್ಜೆ: ಕಂಪ್ರೆಷನ್

ಇಲ್ಲಿಯವರೆಗೂ ಏನೂ ಸಿಗದಿದ್ದರೆ, ಅಥವಾ ಕಾಗದದ ಪಟ್ಟಿ ಮೊದಲೇ ಸೂಚನೆ ಕೊಟ್ಟಿದ್ದರೆ, ಕಂಪ್ರೆಷನ್ ಅಳೆಯಬೇಕು. ಎಂಜಿನ್ ಹದವಾಗಿ ಕಾದಿರಲಿ; ಥ್ರೆಡ್ಡಿಗೆ ಪೆಟ್ಟಾಗದಂತೆ ಪ್ಲಗ್ಗುಗಳನ್ನು ನಿಧಾನವಾಗಿ ತೆಗೆಯಿರಿ. ಎಲ್ಲ ಪ್ಲಗ್ ತೆಗೆದು, ಕಾಯಿಲಿನ ಸಂಪರ್ಕ ಕಳಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ, ಪ್ರತಿ ಸಿಲಿಂಡರಿಗೂ ಸ್ಟಾರ್ಟರ್ ಅಷ್ಟೇ ಸಲ ತಿರುಗಲಿ. ಪೆಟ್ರೋಲ್ ಎಂಜಿನ್ನಿಗೆ ಚದರ ಸೆಂಟಿಮೀಟರಿಗೆ 10ರಿಂದ 13 ಕೆಜಿ ಸಾಮಾನ್ಯ. ಒಟ್ಟು ಅಂಕೆಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಒಂದು ಕೆಜಿಗಿಂತ ಹೆಚ್ಚಿದ್ದರೆ ಗಮನಿಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಹಾ ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕೆ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಸೋರುತ್ತಿದೆ. ಆದರೆ ಹೆಡ್ ಇಳಿಸುವ ಮೊದಲು ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ಟಿನ ಅಂತರ ನೋಡಿ, ತೀರ ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಮುಚ್ಚಲು ಬಿಡುವುದಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರುಗಳೂ ಒಟ್ಟಿಗೆ ಕಡಿಮೆ ಬಂದರೆ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿದೆ. ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದಾಗ ನೀರಿನಲ್ಲಿ ಗುಳ್ಳೆ ಏಳುತ್ತಲೇ ಇದ್ದರೂ ಸಂಶಯ ಅದರ ಮೇಲೆಯೇ. ಇಲ್ಲಿಂದ ಮುಂದಿನದು ಅಂಗಳದ ಕೆಲಸವಲ್ಲ, ಗ್ಯಾರೇಜಿನದು. ಬರೆದಿಟ್ಟ ಅಂಕೆಗಳನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ.

ಕೊನೆಯ ಹೆಜ್ಜೆ: ಅದೇ ಹೊತ್ತು, ಅದೇ ಏರು

ರಿಪೇರಿ ಮುಗಿದ ಮೇಲೆ ಗಾಡಿಯನ್ನು ಯಾವ ಸ್ಥಿತಿಯಲ್ಲಿ ದೋಷ ಬರುತ್ತಿತ್ತೋ ಅದೇ ಸ್ಥಿತಿಯಲ್ಲಿ ಪರೀಕ್ಷಿಸಬೇಕು. ತೇವದ ಮಿಸ್ಸಿಂಗ್ ಆಗಿದ್ದರೆ ರಾತ್ರಿಯಿಡೀ ಹೊರಗೆ ನಿಲ್ಲಿಸಿ ಮುಂಜಾನೆ ಸ್ಟಾರ್ಟ್ ಮಾಡಿ, ಬಾಟಲಿಯಿಂದ ಇನ್ನೊಮ್ಮೆ ಸಿಂಪಡಿಸಿ. ಏರಿನ ಮಿಸ್ಸಿಂಗ್ ಆಗಿದ್ದರೆ ಕಾರವಾರದ ಕಡಲತೀರದ ರಸ್ತೆಯಲ್ಲಿ ಓಡಿಸಿ ತೃಪ್ತಿಪಟ್ಟುಕೊಳ್ಳಬೇಡಿ, ಘಟ್ಟಕ್ಕೇ ಹೋಗಿ. ನಾನು ಹೊಸ ವೈರು ಹಾಕಿದ ಮರುದಿನ, ಸುರಿಯುವ ಮಳೆಯಲ್ಲೇ, ನಾಲ್ಕು ಜನರನ್ನು ಕೂರಿಸಿಕೊಂಡು ದೇವಿಮನೆ ಹತ್ತಿದೆ. ಮೂರನೆಯ ಗೇರಿನಲ್ಲಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಲಿವರ್ ಕುಣಿಯಲಿಲ್ಲ. ಮೇಲೆ ತಲುಪಿ, ಹೊಸ ವೈರುಗಳಿಗೆ ಸುತ್ತಿದ್ದ ಬಿಳಿ ಟೇಪಿನ ಮೇಲೆ ಅಂಕೆಯ ಪಕ್ಕದಲ್ಲಿ ಆ ದಿನದ ತಾರೀಕನ್ನೂ ಬರೆದೆ.